ಪೆಟಾಸ್ಕಿ ಕಲ್ಲಿಗೆ ಟಂಬ್ಲರ್ ಬೇಕೆ, ಉಪ್ಪುಕಾಗದ ಸಾಕೆ?

ಅಮೆರಿಕದ ಮಿಶಿಗನ್ ರಾಜ್ಯದ ಸರೋವರ ದಂಡೆಗಳಲ್ಲಿ ಸಿಗುವ ಹವಳದ ಪಳೆಯುಳಿಕೆ, ಪೆಟಾಸ್ಕಿ ಕಲ್ಲು. ಅದನ್ನು ಹೊಳಪಿಸುವುದಕ್ಕೆಂದೇ ರಾಕ್ ಟಂಬ್ಲರ್ ಕೊಳ್ಳುವ ಯೋಚನೆಯಿದ್ದರೆ ದುಡ್ಡು ಉಳಿಸಿಕೊಳ್ಳಿ. ಹತ್ತು ಡಾಲರ್ ಆಸುಪಾಸಿನ ಒಂದು ಕಟ್ಟು ವಾಟರ್ ಪೇಪರ್ (ನೀರು ತಡೆಯುವ ಉಪ್ಪುಕಾಗದ), ಹಳೆಯ ಕಾರ್ಡುರಾಯ್ ಪ್ಯಾಂಟಿನ ತುಂಡು, ಎರಡು ಬೇಸಿನ್ ನೀರು ಇದ್ದರೆ ಆಗುವ ಕೆಲಸ ಅದು. ನೂರು ಡಾಲರ್ ಆಸುಪಾಸಿನ ಯಂತ್ರ ಈ ಕಲ್ಲನ್ನು ಹೊಳೆಯಿಸುವುದಕ್ಕಿಂತ ಸವೆಸಿ ಹಾಕುವುದೇ ಹೆಚ್ಚು. ಯಂತ್ರಕ್ಕೂ ಅದರದೇ ಜಾಗ ಇದೆ, ಅದನ್ನು ಆಮೇಲೆ ನೋಡೋಣ. (ಟಂಬ್ಲರ್ ಅಂದರೆ ಇಲ್ಲಿ ಫಿಲ್ಟರ್ ಕಾಫಿಯ ಲೋಟ ಅಲ್ಲ. ಕಲ್ಲು, ನೀರು, ಉಜ್ಜುವ ಪುಡಿ ತುಂಬಿ ಹಗಲೂ ರಾತ್ರಿ ಉರುಳಿಸುವ ಡ್ರಮ್ಮು.)

ಮಿಶಿಗನ್‌ನಲ್ಲಿ ಬೇಸಿಗೆ ಬಂತೆಂದರೆ ಸಂಸಾರ ಸಮೇತ ಉತ್ತರಕ್ಕೆ ಹೋಗಿ, ಸರೋವರದ ದಂಡೆಯಲ್ಲಿ ತಲೆ ಬಗ್ಗಿಸಿ ನಡೆಯುವುದು ಹಳೆಯ ರೂಢಿ. ಅಜ್ಜಿ ಒಂದು ಕಡೆ, ಮೊಮ್ಮಕ್ಕಳು ಒಂದು ಕಡೆ, ಎಲ್ಲರ ಕಣ್ಣೂ ಕಾಲ ಬುಡದಲ್ಲೇ. ಆಯ್ದದ್ದನ್ನು ಮನೆಗೆ ತಂದು ಉಜ್ಜಿ, ಬಂದವರ ಕೈಗೆ ಒಂದೊಂದು ಇಟ್ಟು ಕಳಿಸುತ್ತಾರೆ. ಡೆಟ್ರಾಯಿಟ್ ಸುತ್ತಲಿನ ಕನ್ನಡದ ಮನೆಗಳಿಗೆ ಪೆಟಾಸ್ಕಿ ಊರು ಕಾರಿನಲ್ಲಿ ನಾಲ್ಕು ಗಂಟೆ ದೂರ. ಬಂದವರಿಗೆ ತಾಂಬೂಲ ಕೊಡದೆ ಕಳಿಸಲಾರದ ನಮ್ಮವರಿಗೆ ಈ ಅಭ್ಯಾಸ ಹೇಳಿ ಮಾಡಿಸಿದಂತಿದೆ. ಎಷ್ಟು ಕೈ ದಾಟಿದರೂ ಹೊಲಿಗೆ ಕಾಣದ ಬ್ಲೌಸ್ ಪೀಸಿಗಿಂತ ಇದು ಎಷ್ಟೋ ವಾಸಿ. ಹಾಗಾಗಿ ಇಲ್ಲಿ ಸಾಮಾನುಗಳನ್ನು ಅಳೆದಿರುವುದು ಒಂದೇ ಪ್ರಶ್ನೆಯಿಂದ: ಮನೆಮಂದಿ ಕೂತು ಮಾಡಿ, ಇನ್ನೊಬ್ಬರ ಕೈಗೆ ಸಂಕೋಚವಿಲ್ಲದೆ ಇಡುವಂಥ ಕಲ್ಲು ಯಾವುದರಿಂದ ಬರುತ್ತದೆ?

ಮೊದಲು ಕಲ್ಲಿನ ಸ್ವಭಾವ ತಿಳಿಯಬೇಕು. ಪೆಟಾಸ್ಕಿ ಕಲ್ಲು ಎಂದರೆ ಹೆಕ್ಸಗೊನೇರಿಯಾ ಎಂಬ ಹವಳದ ಪಳೆಯುಳಿಕೆ. 35 ಕೋಟಿ ವರ್ಷಕ್ಕೂ ಹಿಂದೆ, ಡೆವೋನಿಯನ್ ಯುಗದಲ್ಲಿ, ಇಂದಿನ ಮಿಶಿಗನ್ ಬೆಚ್ಚನೆಯ ಕಡಲಿನ ಅಡಿಯಲ್ಲಿದ್ದಾಗ ಬೆಳೆದದ್ದು. ಬಹುಕಾಲದ ಮೇಲೆ ಹಿಮನದಿಗಳು ಅದನ್ನು ಬಂಡೆಯಿಂದ ಕಿತ್ತು, ಉರುಳಿಸಿ, ಚದುರಿಸಿದವು. ಒಂದೊಂದು ಆರುಮೂಲೆಯ ಮನೆಯೂ ಒಂದೊಂದು ಹವಳದ ಹುಳು ಇದ್ದ ಜಾಗ. ನಡುವಿನ ಕಪ್ಪು ಬೊಟ್ಟು ಅದರ ಬಾಯಿ ಇದ್ದೆಡೆ. ಬೊಟ್ಟಿನಿಂದ ಅಂಚಿಗೆ ಹೋಗುವ ಸಣ್ಣ ಗೆರೆಗಳು ಒಳಗಿನ ಅಡ್ಡಗೋಡೆಗಳು. 1965ರಲ್ಲಿ ಮಿಶಿಗನ್ ಇದನ್ನು ರಾಜ್ಯದ ಕಲ್ಲೆಂದು ಘೋಷಿಸಿತು. ಊರಿಗೂ ಕಲ್ಲಿಗೂ ಹೆಸರು ಬಂದದ್ದು ಒಡಾವಾ ಎಂಬ ಆದಿವಾಸಿ ಜನರ ಮುಖ್ಯಸ್ಥ ಪೆಟೊಸೆಗೆಯಿಂದ. ಮೂಡುವ ಸೂರ್ಯನ ಕಿರಣ ಎಂದು ಆ ಹೆಸರಿಗೆ ಅರ್ಥ ಹೇಳುತ್ತಾರೆ. ಕಪ್ಪು ಬೊಟ್ಟಿನ ಸುತ್ತ ಹರಡಿದ ಗೆರೆಗಳನ್ನು ನೋಡಿದರೆ ಹೆಸರು ಚೆನ್ನಾಗಿ ಒಪ್ಪುತ್ತದೆ. ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇಟ್ಟುಕೊಂಡವರಿಗೆ ಪಳೆಯುಳಿಕೆ ಹೊಸದೇನಲ್ಲ. ಗಂಡಕೀ ನದಿಯಿಂದ ಬರುವ ಸಾಲಿಗ್ರಾಮವೂ ಅಮೊನೈಟ್ ಎಂಬ ಕಡಲಜೀವಿಯ ಗುರುತೇ.

ಈ ಹವಳವೆಲ್ಲ ಈಗ ಕ್ಯಾಲ್ಸೈಟ್, ಅಂದರೆ ಸುಣ್ಣದ ಕಲ್ಲಿನ ಜಾತಿ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಮಾಪನದಲ್ಲಿ ಇದು 3. ಉಗುರಿನಲ್ಲಿ ಗೀರಲಾಗದು, ಕಬ್ಬಿಣದ ಮೊಳೆಯಲ್ಲಿ ಸುಲಭವಾಗಿ ಗೀರಬಹುದು. ಅದೇ ದಂಡೆಯಲ್ಲಿ ಸಿಗುವ ಕ್ವಾರ್ಟ್ಸೈಟ್, ಚೆರ್ಟ್ ಕಲ್ಲುಗಳು 7ರ ಹತ್ತಿರ. ಮುಂದೆ ಹೇಳುವುದೆಲ್ಲ ಈ 3 ಮತ್ತು 7ರ ನಡುವಿನ ಅಂತರದ ಮೇಲೆ ನಿಂತಿದೆ.

ದಂಡೆಯಲ್ಲಿ ಒಣಗಿ ಬಿದ್ದಾಗ ಪೆಟಾಸ್ಕಿ ಕಲ್ಲು ಬರೀ ಬೂದು ಸುಣ್ಣಕಲ್ಲಿನಂತೆ ಕಾಣುತ್ತದೆ. ನೀರು ತಾಗಿದೊಡನೆ ಜೇನುಗೂಡಿನಂಥ ಕಣ್ಣುಗಳು ಮೂಡುತ್ತವೆ. ಆದ್ದರಿಂದ ಒಂದು ಸ್ಪ್ರೇ ಬಾಟಲಿ ಜೊತೆಗಿರಲಿ, ಇಲ್ಲವೇ ನೀರಿನ ಅಂಚಿನಲ್ಲೇ ನಡೆಯಿರಿ. ಚಳಿಗಾಲದ ಮಂಜುಗಡ್ಡೆ ಒಡೆದ ಮೇಲಿನ ವಸಂತ, ಮತ್ತು ದೊಡ್ಡ ಗಾಳಿ ಎದ್ದ ಮರುದಿನ, ಹೊಸ ಕಲ್ಲು ಮೇಲೆ ಬರುವ ಹೊತ್ತು. ಜುಲೈ ತಿಂಗಳ ಶನಿವಾರ ಮಧ್ಯಾಹ್ನ ಹೋದರೆ ನಿಮಗಿಂತ ಮುಂಚೆ ನೂರು ಜನ ಆಯ್ದು ಮುಗಿಸಿರುತ್ತಾರೆ. ಪೆಟಾಸ್ಕಿ ಸ್ಟೇಟ್ ಪಾರ್ಕ್, ಊರೊಳಗಿನ ಮ್ಯಾಗ್ನಸ್ ಪಾರ್ಕ್, ಶಾರ್ಲವಾಯ್ ಹತ್ತಿರದ ಫಿಶರ್‌ಮನ್ಸ್ ಐಲೆಂಡ್ ಸ್ಟೇಟ್ ಪಾರ್ಕ್ ಇದಕ್ಕೆ ಹೆಸರಾದ ಜಾಗಗಳು.

ಆಯುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಅಗಲವಾದ ಮೈಯಲ್ಲಿ ಆರುಮೂಲೆಗಳು ಕಾಣುವ ಕಲ್ಲನ್ನೇ ಎತ್ತಿಕೊಳ್ಳಿ. ಹವಳದ ಪಕ್ಕ ಮಾತ್ರ ಮೇಲೆ ಬಂದಿದ್ದರೆ ಉದ್ದುದ್ದ ಗೆರೆಗಳಷ್ಟೇ ಕಾಣುತ್ತವೆ, ಎಷ್ಟು ಉಜ್ಜಿದರೂ ಕಣ್ಣು ಮೂಡುವುದಿಲ್ಲ. ಒದ್ದೆ ಮಾಡಿ ಒಂದು ನಿಮಿಷ ಬಿಟ್ಟು ನೋಡಿ: ಅಲ್ಲಲ್ಲಿ ಸೀಮೆಸುಣ್ಣದಂತೆ ಬಿಳಿಚಿಕೊಳ್ಳುವ ಮಚ್ಚೆಗಳಿದ್ದರೆ ಅಲ್ಲಿ ಹೊಳಪು ನಿಲ್ಲದು. ಉಗುರು ಸಿಕ್ಕುವಂಥ ಬಿರುಕಿದ್ದರೆ ಬಿಟ್ಟುಬಿಡಿ. ಮೊದಲ ಸಲಕ್ಕೆ ದೊಡ್ಡ ನಿಂಬೆಹಣ್ಣಿನ ಗಾತ್ರ ಸಾಕು. ಮಕ್ಕಳು ತೆಂಗಿನಕಾಯಿ ಗಾತ್ರದ್ದನ್ನೇ ತಬ್ಬಿಕೊಂಡು ಬರುತ್ತಾರೆ. ಅದನ್ನು ಕೈಯಲ್ಲಿ ಉಜ್ಜಲು ಕೂತರೆ ದೀಪಾವಳಿಯೇ ಬರುತ್ತದೆ.

ಕಾನೂನಿನ ಮಾತು ಚಿಕ್ಕದು, ಆದರೆ ಮರೆಯುವಂಥದ್ದಲ್ಲ. ಮಿಶಿಗನ್ ರಾಜ್ಯದ ಜಾಗದಿಂದ ಒಬ್ಬರು ವರ್ಷಕ್ಕೆ 25 ಪೌಂಡ್, ಅಂದರೆ 11 ಕಿಲೋ ಚಿಲ್ಲರೆ, ಮಾತ್ರ ಒಯ್ಯಬಹುದು. 50 ಗ್ರಾಮಿನ ಕಲ್ಲಿನ ಲೆಕ್ಕದಲ್ಲಿ ಇನ್ನೂರಕ್ಕೂ ಹೆಚ್ಚಾಯಿತು, ಯಾವ ಮನೆಗೂ ಧಾರಾಳ. 2015ರಲ್ಲಿ ಒಬ್ಬರು ನೀರಿನಿಂದ ಎತ್ತಿ ತಂದ 93 ಪೌಂಡಿನ ಒಂದೇ ಕಲ್ಲನ್ನು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ವಾಪಸು ಪಡೆಯಿತು. ಅದು ಈಗ ಡೆಟ್ರಾಯಿಟ್‌ನ ಔಟ್‌ಡೋರ್ ಅಡ್ವೆಂಚರ್ ಸೆಂಟರಿನಲ್ಲಿದೆ, ಮಕ್ಕಳಿಗೆ ತೋರಿಸಬಹುದು. ಸ್ಲೀಪಿಂಗ್ ಬೇರ್ ಡ್ಯೂನ್ಸ್, ಪಿಕ್ಚರ್ಡ್ ರಾಕ್ಸ್ ಇವು ಕೇಂದ್ರ ಸರ್ಕಾರದ ಜಾಗಗಳು. ಅಲ್ಲಿಂದ ಒಂದು ಹರಳೂ ತರುವಂತಿಲ್ಲ.

ಈಗ ಸಾಮಾನಿನ ವಿಷಯ. ಉಪ್ಪುಕಾಗದದಲ್ಲಿ ಬೇಕಾದದ್ದು ನೀರು ತಡೆಯುವ ಕಪ್ಪು ಸಿಲಿಕಾನ್ ಕಾರ್ಬೈಡ್ ಹಾಳೆ. ನಮ್ಮೂರಿನ ಪೇಂಟರ್‌ಗಳು ವಾಟರ್ ಪೇಪರ್ ಅನ್ನುವುದು ಇದನ್ನೇ. ಮರಕ್ಕೆ ಉಜ್ಜುವ ಕಂದು ಹಾಳೆ ಒದ್ದೆಯಾದ ಐದು ನಿಮಿಷಕ್ಕೆ ಹರಳು ಉದುರಿಸಿ ಬೋಳಾಗುತ್ತದೆ. ನಂಬರ್ ಹೆಚ್ಚಿದಷ್ಟೂ ಹಾಳೆ ನಯ. 220, 400, 600 ಈ ಮೂರು ಕಡ್ಡಾಯ. 1000 ಮತ್ತು 1500 ಇದ್ದರೆ ಹೊಳಪಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರುತ್ತದೆ. ಇವೆಲ್ಲ ಇರುವ ಮಿಶ್ರ ಕಟ್ಟನ್ನೇ ಕೊಳ್ಳಿ, 220 ಮಾತ್ರ ಎರಡು ಹಾಳೆ ಹೆಚ್ಚಿಗೆ ತನ್ನಿ. ತೀರುವುದು ಅದೇ. ಪೂರ್ತಿ ಹಾಳೆಯನ್ನು ಎಂಟು ತುಂಡು ಮಾಡಿ, ಬೆನ್ನಿಗೆ ಪೆನ್ನಿನಲ್ಲಿ ನಂಬರ್ ಬರೆದುಕೊಳ್ಳಿ. ಹಾಳೆಯ ಬೆನ್ನಿನ ಅಚ್ಚು ಎಲ್ಲ ತುಂಡಿನಲ್ಲೂ ಬರುತ್ತದೆಂದಿಲ್ಲ, ಇಲ್ಲದಿದ್ದರೆ ಕತ್ತರಿಸಿದ ಮೇಲೆ 400 ಯಾವುದು 600 ಯಾವುದು ಗೊತ್ತಾಗುವುದಿಲ್ಲ.

ಕಲ್ಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆದು, ಹತ್ತು ನಿಮಿಷ ನೀರಲ್ಲಿ ಬಿಟ್ಟು, 220ರಿಂದ ಶುರು ಮಾಡಿ. ಶುರುವಿಗೆ ಮುಂಚೆ ಒಣಗಿದ ಕಲ್ಲಿನ ಮೇಲೆ ಪೆನ್ಸಿಲ್ಲಿನಲ್ಲಿ ಅಡ್ಡಡ್ಡ ಗೆರೆ ಎಳೆದರೆ ಎಲ್ಲಿ ಉಜ್ಜಿದ್ದು ಆಯಿತು, ಎಲ್ಲಿ ಬಾಕಿ ಎಂಬುದು ಮಕ್ಕಳಿಗೂ ತಿಳಿಯುತ್ತದೆ. ಚಪ್ಪಟೆ ಮೈಗೆ ಹಾಳೆಯನ್ನು ಮಡಿಸಿದ ಒದ್ದೆ ಟವಲಿನ ಮೇಲಿಟ್ಟು ಕಲ್ಲನ್ನು ತಿರುಗಿಸಿ ಉಜ್ಜಬೇಕು. ಉಬ್ಬಿದ ಮೈಗೆ ಹಾಳೆಯನ್ನು ಅಂಗೈಯಲ್ಲಿ ಹಿಡಿದು ಕಲ್ಲನ್ನೇ ಒಳಗೆ ಹೊರಳಿಸಬೇಕು. ಎರಡೇ ನಿಮಿಷಕ್ಕೆ ವಿಭೂತಿ ಕದಡಿದಂಥ ಬೂದು ನೀರು ಇಳಿಯುತ್ತದೆ. ಅದು ಸರಿಯಾದ ಗುರುತು. ನೀರು ಬೂದಾಗದಿದ್ದರೆ ಹಾಳೆ ಸತ್ತಿದೆ, ಇಲ್ಲವೇ ನೀವು ಎತ್ತಿದ್ದು ಪೆಟಾಸ್ಕಿ ಕಲ್ಲಲ್ಲ. ಯಾವ ಹಂತದಲ್ಲೂ ಒಣಗಿಸಿಕೊಂಡು ಉಜ್ಜಬೇಡಿ. ಪುಡಿ ಮೂಗಿಗೆ ಹೋಗುತ್ತದೆ, ಹಾಳೆಯೂ ಕಟ್ಟಿಕೊಂಡು ಕೊರೆಯುವುದನ್ನು ನಿಲ್ಲಿಸುತ್ತದೆ.

ನಿಂಬೆ ಗಾತ್ರದ ಕಲ್ಲಿಗೆ 220ರಲ್ಲಿ ಮುಕ್ಕಾಲು ಗಂಟೆ ಹಿಡಿದರೂ ಆತುರ ಬೇಡ. ಒಟ್ಟು ಕೆಲಸದ ಅರ್ಧಕ್ಕಿಂತ ಹೆಚ್ಚು ಇಲ್ಲೇ. ಆಮೇಲಿನ ಹಾಳೆಗಳ ಕೆಲಸ ಹಿಂದಿನ ಹಾಳೆ ಬಿಟ್ಟ ಗೀರು ತೆಗೆಯುವುದಷ್ಟೆ, ಹಂತಕ್ಕೆ ಹದಿನೈದು ನಿಮಿಷ ಸಾಲುತ್ತದೆ. ಪ್ರತಿ ಹಂತದಲ್ಲೂ ಹಿಂದಿನ ಗೀರುಗಳಿಗೆ ಅಡ್ಡವಾಗಿ ಉಜ್ಜಿದರೆ ಹಳೆಯ ಗೀರು ಉಳಿದಿದೆಯೇ ಎಂಬುದು ತಟ್ಟನೆ ಕಾಣುತ್ತದೆ.

ಹೆಚ್ಚಿನವರು ಎಡವುವುದು ಎಲ್ಲಿ ಎಂದರೆ, ಒದ್ದೆ ಕಲ್ಲನ್ನು ನೋಡಿ ಆಯಿತು ಅಂದುಕೊಳ್ಳುವಲ್ಲಿ. ಒದ್ದೆಯಾಗಿದ್ದಾಗ ಎಲ್ಲ ಕಲ್ಲೂ ಪಾಲಿಶ್ ಆದಂತೆಯೇ ಕಾಣುತ್ತದೆ. ನೀರು ಗೀರನ್ನು ತುಂಬಿ ಮುಚ್ಚಿಬಿಡುತ್ತದೆ. ಹಾಳೆ ಬದಲಿಸುವ ಮುಂಚೆ ಕಲ್ಲನ್ನು ಬಟ್ಟೆಯಲ್ಲಿ ಒರೆಸಿ, ಐದು ನಿಮಿಷ ಒಣಗಲು ಬಿಟ್ಟು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. 600 ಮುಗಿದ ಮೇಲೆ ಒಣ ಕಲ್ಲಿನಲ್ಲಿ ಬಿಡಿಬಿಡಿ ಗೀರು ಕಂಡರೆ ಅದು 600ರ ತಪ್ಪಲ್ಲ, 220ರಲ್ಲಿ ಮಾಡಿದ ಅವಸರ. ಹಿಂದೆ ಹೋಗದೆ ಬೇರೆ ದಾರಿಯಿಲ್ಲ. ಇನ್ನೊಂದು ತಪ್ಪು ಬೇಸಿನ್ನಿನದು. 220ರ ನೀರಿನಲ್ಲೇ 600 ಅದ್ದಿದರೆ ತಳದಲ್ಲಿ ಕೂತ ಒರಟು ಹರಳು ಒಂದು ಬಂದರೂ ಸಾಕು, ಮೈ ತುಂಬ ಹೊಸ ಗೀರು. ಹಂತಕ್ಕೊಂದು ಸಲ ನೀರು ಬದಲಿಸಿ, ಕೈ ಮತ್ತು ಕಲ್ಲನ್ನು ಸೋಪಿನಲ್ಲಿ ತೊಳೆಯಿರಿ. ಆ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಸಿಂಕಿಗೆ ಬೇಡ.

ಕೊನೆಯದು ಬಟ್ಟೆ. ಕಾರ್ಡುರಾಯ್ ಅಥವಾ ಮಖಮಲ್ ತುಂಡನ್ನು ಒದ್ದೆ ಮಾಡಿ, ಪಾಲಿಶ್ ಪುಡಿ ಚಿಟಿಕೆಯಷ್ಟು ಹಾಕಿ, ಒತ್ತಿ, ಒಂದೇ ಕಡೆ ಹತ್ತು ನಿಮಿಷ ಉಜ್ಜಬೇಕು. ಟಿನ್ ಆಕ್ಸೈಡ್, ಅಲ್ಯೂಮಿನಿಯಂ ಆಕ್ಸೈಡ್ ಎರಡೂ ನಡೆಯುತ್ತವೆ. ಬಟ್ಟೆ ಅರ್ಧ ಒಣಗುತ್ತಾ ಬಂದಾಗ ಹಿಡಿತ ಬಿಗಿಯಾಗಿ ಎಳೆದಂತಾಗುತ್ತದೆ, ಹೊಳಪು ಏಳುವುದು ಆಗಲೇ. ಆಭರಣದವರು ಬಳಸುವ ಜ್ಯಾಮ್ ಎಂಬ ಹಸಿರು ಗಟ್ಟಿಯನ್ನು ಪೆಟಾಸ್ಕಿ ಕಲ್ಲಿನವರು ಮೆಚ್ಚುತ್ತಾರೆ. ಅದು ತಿರುಗುವ ಬಟ್ಟೆಯ ಗಾಲಿಗೆ ಮಾಡಿದ ಸಾಮಾನು. ಗಾಲಿ ಇರುವವರಿಗೆ ಅದರಷ್ಟು ಚೆನ್ನಾದದ್ದಿಲ್ಲ, ಬರಿಗೈಗೆ ಪುಡಿಯೇ ಮೇಲು.

ಪೆಟಾಸ್ಕಿ, ಶಾರ್ಲವಾಯ್ ಕಡೆಯ ಅಂಗಡಿಗಳಲ್ಲಿ ಕಲ್ಲು, ಹಾಳೆ, ಪುಡಿ, ಬಟ್ಟೆ ಎಲ್ಲ ಸೇರಿಸಿದ ಸಿದ್ಧ ಕಿಟ್‌ಗಳು ಸಿಗುತ್ತವೆ. ಒಂದು ಕಲ್ಲಿಗೆ, ಒಂದು ಮಗುವಿಗೆ, ಮಳೆ ಹಿಡಿದ ಒಂದು ಮಧ್ಯಾಹ್ನಕ್ಕೆ ಚೆನ್ನಾಗಿದೆ. ಕಿಟ್‌ನ ಕೊರತೆ ಎರಡು. 220ರ ತುಂಡು ಸಾಮಾನ್ಯವಾಗಿ ತೀರಾ ಚಿಕ್ಕದು, ಕೆಲಸ ಮುಗಿಯುವ ಮುಂಚೆ ಸವೆಯುತ್ತದೆ. ಮಗು ನಾನೇ ಸರಿಯಾಗಿ ಉಜ್ಜಲಿಲ್ಲ ಅಂದುಕೊಳ್ಳುತ್ತದೆ, ತಪ್ಪು ಹಾಳೆಯದು. ಎರಡನೆಯದು, 600ರಿಂದ ನೇರ ಪುಡಿಗೆ ಹಾರುವುದರಿಂದ ತೆಳು ಮಂಜು ಉಳಿಯುತ್ತದೆ. ಕಿಟ್ ಕೊಂಡರೂ 220 ಮತ್ತು 1000 ಒಂದೊಂದು ಹಾಳೆ ಬೇರೆ ತನ್ನಿ. ನಾಲ್ಕು ಜನರ ಮನೆಗೆ ನಾಲ್ಕು ಕಿಟ್ ಕೊಳ್ಳುವುದು ದಂಡ.

ಟಂಬ್ಲರ್‌ಗೆ ಬರೋಣ. ಮನೆಬಳಕೆಗೆ ನೋಡುವುದಾದರೆ 3 ಪೌಂಡ್ ತೂಕ ಹಿಡಿಯುವ, ರಬ್ಬರ್ ಡ್ರಮ್ಮಿನದನ್ನೇ ನೋಡಿ. ಲಾರ್ಟೋನ್ 3ಎ ಈ ಜಾತಿಯಲ್ಲಿ ಹಳೆಯ ಹೆಸರು: ಒಳಗೆ ರಬ್ಬರ್ ಮುಚ್ಚಳ, ಮೇಲೆ ಲೋಹದ ಮುಚ್ಚಳ, ಅದನ್ನು ಬಿಗಿಯುವ ನಟ್ಟು. ಪ್ಲಾಸ್ಟಿಕ್ ಡ್ರಮ್ಮಿನವು ಅಗ್ಗ, ಆದರೆ ಸದ್ದು ತಡೆಯಲಾಗದು. ರಬ್ಬರಿನದ್ದೂ ಮೌನವ್ರತದ್ದೇನಲ್ಲ. ಇಡ್ಲಿ ಗ್ರೈಂಡರ್ ಪಕ್ಕದ ಕೋಣೆಯಲ್ಲಿ ಒಂದು ತಿಂಗಳು ನಿಲ್ಲದೆ ಓಡುತ್ತಿದೆ ಎಂದುಕೊಳ್ಳಿ, ಅಷ್ಟು. ಗ್ಯಾರೇಜಿನಲ್ಲಿ, ಅಂಚಿರುವ ಟ್ರೇ ಮೇಲಿಡಿ. ಆದರೆ ಮಿಶಿಗನ್ನಿನ ಜನವರಿಯಲ್ಲಿ ಬಿಸಿಯಿಲ್ಲದ ಗ್ಯಾರೇಜು ಬೇಡ, ನಿಂತ ಡ್ರಮ್ಮಿನ ನೀರು ಹೆಪ್ಪುಗಟ್ಟುತ್ತದೆ.

ಡ್ರಮ್ಮಿನ ಮೂರನೇ ಎರಡರಿಂದ ಮುಕ್ಕಾಲು ಭಾಗದವರೆಗೆ ದೊಡ್ಡ, ಚಿಕ್ಕ ಕಲ್ಲು ಬೆರೆಸಿ ತುಂಬಬೇಕು. ಕಡಿಮೆಯಾದರೆ ಕಲ್ಲು ಜಾರುವ ಬದಲು ಎತ್ತರದಿಂದ ಬಿದ್ದು ಅಂಚು ಒಡೆದುಕೊಳ್ಳುತ್ತದೆ. ಹೆಚ್ಚಾದರೆ ಹಂದುವುದೇ ಇಲ್ಲ. ಪೌಂಡ್ ಕಲ್ಲಿಗೆ ಎರಡು ಟೇಬಲ್ ಸ್ಪೂನ್ ಲೆಕ್ಕದಲ್ಲಿ 60/90 ನಂಬರಿನ ಒರಟು ಉಜ್ಜುವ ಪುಡಿ (ಇಲ್ಲೂ ನಂಬರ್ ಹೆಚ್ಚಿದಷ್ಟೂ ನಯ), ಮೇಲಿನ ಸಾಲಿನ ಕಲ್ಲು ಮುಳುಗದಷ್ಟು ನೀರು. ಏಳು ದಿನ. ಆಮೇಲೆ 120/220, ಆಮೇಲೆ 500, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್ ಪಾಲಿಶ್, ತಲಾ ಒಂದು ವಾರ. ದಂಡೆಯ ಕಲ್ಲು ಆಗಲೇ ಅಲೆಗೆ ಉರುಳಿ ದುಂಡಗಾಗಿರುತ್ತದೆ. ಗುಳಿ ಇಲ್ಲದ ಕಲ್ಲಾದರೆ ಮೊದಲ ವಾರ ಬಿಟ್ಟು ನೇರ 120/220ಕ್ಕೆ ಹಾಕಬಹುದು. ಗಣಿಯ ಒಡೆದ ಕಲ್ಲಿಗಿಂತ ಇದಕ್ಕಿರುವ ಅನುಕೂಲ ಅದೇ. ಮೊದಲ ಒಂದೆರಡು ದಿನ ಡ್ರಮ್ಮಿನ ಮುಚ್ಚಳ ತೆಗೆದು ನೋಡಿ: ಕೆಲವು ಕಲ್ಲುಗಳಿಂದ ಗ್ಯಾಸ್ ಕಟ್ಟಿ ಮುಚ್ಚಳ ಉಬ್ಬುತ್ತದೆ. ಒಳಗಿನ ಕೆಸರು ನೀರು ದೋಸೆ ಹಿಟ್ಟಿನ ಹದದಲ್ಲಿದ್ದರೆ ಸರಿ, ಇಡ್ಲಿ ಹಿಟ್ಟಿನಂತೆ ಗಟ್ಟಿಯಾಗಿದ್ದರೆ ಸ್ವಲ್ಪ ನೀರು ಹಾಕಿ. ಈ ಕೆಸರು ಸಿಂಕಿಗೆ ಹೋದರೆ ಪೈಪಿನೊಳಗೆ ಸಿಮೆಂಟಿನಂತೆ ಕೂರುತ್ತದೆ. ಪ್ಲಂಬರ್ ಕೂಲಿಯಲ್ಲಿ ಇನ್ನೊಂದು ಟಂಬ್ಲರ್ ಬರುತ್ತದೆ.

ಹಂತ ಬದಲಿಸುವಾಗ ಡ್ರಮ್ಮು, ಮುಚ್ಚಳದ ಸಂದು, ಕಲ್ಲಿನ ಗುಳಿ ಎಲ್ಲವನ್ನೂ ಬ್ರಷ್ಷಿನಲ್ಲಿ ತಿಕ್ಕಬೇಕು. 60ರ ಒಂದು ಹರಳು ಪಾಲಿಶ್ ವಾರಕ್ಕೆ ನುಸುಳಿದರೆ ಇಡೀ ತಿಂಗಳು ನೀರಿನಲ್ಲಿ ಹೋಮ. ಸೋರಿಕೆಗೆ ಬಹುಪಾಲು ಕಾರಣ ಡ್ರಮ್ಮಿನ ಬಾಯಂಚಿಗೆ ಅಂಟಿದ ಪುಡಿಯೇ. ಒರೆಸಿ ಮುಚ್ಚಿದರೆ ನಿಲ್ಲುತ್ತದೆ. ಎಳೆಯುವ ಬೆಲ್ಟು ಒಂದು ದಿನ ಹರಿಯುವುದೇ, ಇನ್ನೊಂದನ್ನು ಮೊದಲೇ ತರಿಸಿಡಿ.

ಇಷ್ಟೆಲ್ಲ ಮಾಡಿ ಒಳಗೆ ಪೆಟಾಸ್ಕಿ ಕಲ್ಲನ್ನು ಕ್ವಾರ್ಟ್ಸೈಟ್ ಜೊತೆ ಹಾಕಿದರೆ? ಗಡಸುತನ 7ರ ಕಲ್ಲುಗಳು 3ರದ್ದನ್ನು ಅರೆಯುತ್ತವೆ. ವಾರ ಕಳೆದು ತೆರೆದಾಗ ಹವಳ ಅರ್ಧ ಗಾತ್ರಕ್ಕೆ ಇಳಿದಿರುತ್ತದೆ, ಉಳಿದರ್ಧ ಕೆಸರಾಗಿ ಉಳಿದ ಕಲ್ಲುಗಳನ್ನೂ ಹಂದದಂತೆ ಮಾಡಿರುತ್ತದೆ. ಪೆಟಾಸ್ಕಿಯನ್ನೇ ಬೇರೆಯಾಗಿ, ನಯವಾದ ಪುಡಿಯಲ್ಲಿ, ಕಡಿಮೆ ದಿನ ಉರುಳಿಸುವವರಿದ್ದಾರೆ. ಬರುವುದು ರೇಷ್ಮೆಯಂಥ ಮೈ, ಕನ್ನಡಿ ಹೊಳಪಲ್ಲ. ಕೊನೆಗೆ ಬಟ್ಟೆಯಲ್ಲಿ ಕೈಯಿಂದಲೇ ಉಜ್ಜಬೇಕು. ಹಾಗಿದ್ದಮೇಲೆ ಸುತ್ತು ದಾರಿ ಯಾಕೆ?

ಯಂತ್ರಕ್ಕೆ ತಕ್ಕ ಕಲ್ಲು ಸುಪೀರಿಯರ್ ಸರೋವರದ ಅಗೇಟ್, ಜಾಸ್ಪರ್, ಚೆರ್ಟ್, ಕ್ವಾರ್ಟ್ಸೈಟ್. ಇವನ್ನು ಕೈಯಲ್ಲಿ ಉಜ್ಜಿ ಹೊಳಪಿಸುವುದು ಕನಸಿನ ಮಾತು. ಗ್ರಾನೈಟ್ ಬಗ್ಗೆ ಹೆಚ್ಚು ಆಸೆ ಬೇಡ: ಅದರೊಳಗಿನ ಮೆದು ಅಭ್ರಕ ಮೊದಲು ಸವೆದು ಮೈ ಗುಳಿಗುಳಿ ಆಗುತ್ತದೆ. ಒಂದೇ ಗಡಸಿನ ಕಲ್ಲುಗಳನ್ನೇ ಒಟ್ಟಿಗೆ ಹಾಕಬೇಕು, ಅನುಮಾನ ಬಂದರೆ ಮೊಳೆಯಲ್ಲಿ ಗೀರಿ ನೋಡಬೇಕು. ಟಂಬ್ಲರ್‌ನಿಂದ ಬರುವ ಒಂದು ಉಡುಗೊರೆ ಮಾತ್ರ ಕೈಕೆಲಸಕ್ಕೆ ಸಾಧ್ಯವಿಲ್ಲದ್ದು: ಅಡಿಕೆ ಗಾತ್ರದ, ಒಂದೇ ತೂಕದ ಐದು ಕ್ವಾರ್ಟ್ಸೈಟ್ ಕಲ್ಲು, ಊರಿನ ಅಜ್ಜಿಗೆ ಕಲ್ಲಾಟ ಆಡಲು. ಇದಕ್ಕೆ ಕೊನೆಯ ಪಾಲಿಶ್ ಮಾಡಿಸಬೇಡಿ. 120/220 ವಾರ ಮುಗಿದಾಗಲೇ ತೆಗೆದುಬಿಡಿ. ಪೂರ್ತಿ ಹೊಳೆಯುವ ಕಲ್ಲು ಬೆರಳಿನಿಂದ ಜಾರುತ್ತದೆ. ಅಣ್ಣೆಕಲ್ಲು ಆಡಿ ಪಳಗಿದ ಕೈ ಅದನ್ನು ಒಂದೇ ಎಸೆತಕ್ಕೆ ಪಕ್ಕಕ್ಕಿಡುತ್ತದೆ.

ಆದರೂ ಮನೆಮಂದಿಯ ಲೆಕ್ಕದಲ್ಲಿ ಯಂತ್ರ ಸೋಲುತ್ತದೆ. ಜುಲೈಯಲ್ಲಿ ಆಯ್ದ ಕಲ್ಲು ಆಗಸ್ಟಿನಲ್ಲಿ ಈಚೆ ಬರುವ ಹೊತ್ತಿಗೆ ಯಾವುದು ಯಾರದು ಎಂಬ ನೆನಪೇ ಇರುವುದಿಲ್ಲ. ಉಪ್ಪುಕಾಗದದಲ್ಲಾದರೆ ಒಂದು ಭಾನುವಾರ, ಒಂದು ಮೇಜು, ಒಬ್ಬೊಬ್ಬರಿಗೆ ಒಂದೊಂದು ಹಾಳೆ. 220 ದೊಡ್ಡವರ ಕೈಗೆ, 400 ಮತ್ತು 600 ಮಕ್ಕಳಿಗೆ, ಬಟ್ಟೆಯ ಕೆಲಸ ಅಜ್ಜಿಗೆ. ಉಜ್ಜಿದವರೇ ಕೊಡುತ್ತಾರೆ. ಆರು ವರ್ಷದ ಮಗು ಒಂದು ಗಂಟೆಗಿಂತ ಹೆಚ್ಚು ಕೂರದು, ಅಷ್ಟರಲ್ಲಿ ಒಂದು ಹಂತ ಮುಗಿಯುವಂತೆ ಚಿಕ್ಕ ಕಲ್ಲು ಕೊಡಿ.

ವಾರ್ನಿಶ್, ನೇಲ್ ಪಾಲಿಶ್, ಮಿನರಲ್ ಆಯಿಲ್ ಇವು ಅಡ್ಡದಾರಿಗಳು. ವಾರ್ನಿಶ್ ಕಾಲ ಕಳೆದಂತೆ ಹಳದಿ ತಿರುಗಿ ಅಂಚಿನಲ್ಲಿ ಸುಲಿಯಬಹುದು. ಎಣ್ಣೆ ಹಚ್ಚಿದ ಹೊಳಪು ನಿಲ್ಲದು, ಧೂಳೂ ಹಿಡಿಯುತ್ತದೆ. ಕಲ್ಲಿಗೆ ಬಣ್ಣ ಬಳಿದು ಒಳ್ಳೆಯ ಮಾತು ಬರೆದು ದಾರಿಯಲ್ಲಿ ಬಿಟ್ಟು ಬರುವ ಪದ್ಧತಿ 2015ರಲ್ಲಿ ಮ್ಯಾಸಚೂಸೆಟ್ಸಿನ ಕೇಪ್ ಕಾಡ್‌ನಲ್ಲಿ ಮೇಗನ್ ಮರ್ಫಿ ಶುರು ಮಾಡಿದ್ದು, ಎಲ್ಲೆಡೆ ಹಬ್ಬಿದೆ. ಬೇರೆ ಕಲ್ಲಿಗೆ ಸರಿ. ಹವಳದ ಕಣ್ಣಿನ ಮೇಲೆ ಅಕ್ರಿಲಿಕ್ ಬಳಿಯುವುದು ಜರಿ ಸೀರೆಗೆ ಪೇಂಟ್ ಹೊಡೆದ ಹಾಗೆ. ಬಣ್ಣದ ಕಲ್ಲನ್ನು ರಾಷ್ಟ್ರೀಯ ಉದ್ಯಾನಗಳಲ್ಲಿ ಬಿಡುವಂತೆಯೂ ಇಲ್ಲ.

ಕೊಡುವ ಕಲ್ಲಿಗೆ 4 ಸೆಂಟಿಮೀಟರ್ ಅಗಲ ಹದ. ಮುಷ್ಟಿಯೊಳಗೆ ಕೂರುತ್ತದೆ, ತೂಕ 50 ಗ್ರಾಂ ಆಸುಪಾಸು, ಊರಿಗೆ ಒಯ್ಯುವ ಸೂಟ್‌ಕೇಸಿನಲ್ಲಿ ಇಪ್ಪತ್ತು ಇಟ್ಟರೆ ಒಂದು ಕಿಲೋ. ಎಲ್ಲ ಮೈಯನ್ನೂ ಹೊಳಪಿಸಬೇಡಿ. ಒಂದು ಬದಿಯನ್ನು ದಂಡೆಯಲ್ಲಿ ಸಿಕ್ಕಂತೆಯೇ ಒರಟಾಗಿ ಬಿಟ್ಟರೆ ಪಡೆದವರಿಗೆ ಎರಡೂ ಒಟ್ಟಿಗೆ ಕಾಣುತ್ತದೆ, ಉಜ್ಜುವ ಕೆಲಸವೂ ಅರ್ಧಕ್ಕಿಳಿಯುತ್ತದೆ. ಊರು, ವರ್ಷ, ಉಜ್ಜಿದ ಮಗುವಿನ ಹೆಸರನ್ನು ಆ ಒರಟು ಬದಿಯಲ್ಲೇ ಸಣ್ಣ ಮೊನೆಯ ಪೇಂಟ್ ಪೆನ್ನಿನಲ್ಲಿ ಬರೆಯಿರಿ, ಹೊಳಪಿನ ಮೇಲೆ ಬರೆದರೆ ಉಗುರು ತಾಗಿ ಹೋಗುತ್ತದೆ. ಊರಿಗೆ ಹೋದಾಗ ಲೆಕ್ಕ ಸರಿಮಾಡಲು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಿಂದ ಕಲ್ಲು ಎತ್ತಿ ತರುವ ಹುಮ್ಮಸ್ಸು ಮಾತ್ರ ಬೇಡ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಂಬದಂಥ ಆ ಬಂಡೆಗಳು ಇದ್ದಲ್ಲೇ ಚೆನ್ನ.

ಕಲ್ಲಿನ ಜೊತೆ ಒಂದು ಚೀಟಿ ಇಟ್ಟರೆ ಒಳ್ಳೆಯದು, ಅದರಲ್ಲಿ ಒಂದೇ ಸಾಲು: ಹುಳಿ ತಾಗಿಸಬೇಡಿ. ಪೆಟಾಸ್ಕಿ ಕಲ್ಲು ಸುಣ್ಣದ ಜಾತಿ. ನಿಂಬೆರಸ, ವಿನಿಗರ್ ಬಿದ್ದಲ್ಲಿ ಸುಯ್ಯೆಂದು ನೊರೆ ಬಂದು ಹೊಳಪು ತಿಂದುಹೋಗುತ್ತದೆ. ನಮ್ಮ ಮನೆಗಳಲ್ಲಿ ಅಪಾಯ ಎರಡು ಕಡೆಯಿಂದ. ಮಂಕಾಯಿತೆಂದು ಹಿತ್ತಾಳೆ ದೀಪದ ಜೊತೆ ಇದಕ್ಕೂ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಇಲ್ಲವೇ ಸಾಲಿಗ್ರಾಮದ ಪಕ್ಕ ಇಟ್ಟು ಪಂಚಾಮೃತದ ಅಭಿಷೇಕ ಮಾಡುತ್ತಾರೆ. ಮೊಸರಿನ ಹುಳಿಯೂ ದಿನಾ ಬಿದ್ದರೆ ಸಾಕಾಗುತ್ತದೆ. ಮಂಕಾದರೆ ಕೈಚೆಲ್ಲಬೇಕಿಲ್ಲ. ಬರೀ ನೀರಿನಲ್ಲಿ ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡಿ. ತೆಳು ಮಂಜಷ್ಟೇ ಇದ್ದರೆ ಬಟ್ಟೆ ಮತ್ತು ಪುಡಿ ಸಾಕು. ಬೆರಳಿಗೆ ಒರಟು ತಾಗಿದರೆ 600ರಿಂದ ಮತ್ತೆ ಶುರು ಮಾಡಿ, ಅರ್ಧ ಗಂಟೆಯ ಕೆಲಸ. ಹಾಗಾಗಿ ಊರಿಗೆ ಒಯ್ಯುವ ಕಲ್ಲುಗಳ ಚೀಲದಲ್ಲಿ 600ರ ನಾಲ್ಕು ತುಂಡು ಹಾಳೆಯೂ ಇರಲಿ.